ಪೊಲೀಸರಿಗೆ ತಿನ್ನಿಸುವ ಚಳ್ಳೆಹಣ್ಣು ಎಂಥದ್ದು?

[ಚಿತ್ರದುರ್ಗದ ಹೊರಗೆ ಒಂದು ಹೊಲದ ಬದು. ನಿರೂಪಕನ ಕೈಯಲ್ಲಿ ಹಿಡಿ ಹಣ್ಣು.]

ನಮಸ್ಕಾರ. "ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಆರೋಪಿ ಪರಾರಿ." ಈ ತಲೆಬರಹ ಎಷ್ಟು ಸಲ ಓದಿದ್ದೀರಿ? ದಾವಣಗೆರೆಯ ಪಿಯು ಹುಡುಗಿಯೊಬ್ಬಳು ಕೇಳಿದ್ದಾಳೆ: "ಅಣ್ಣಾ, ಓಡಿಹೋಗೋ ಅವಸರದಲ್ಲಿ ಹಣ್ಣು ಯಾಕೆ ತಿನ್ನಿಸ್ತಾರೆ?" ನ್ಯಾಯವಾದ ಪ್ರಶ್ನೆ.

ಏಮಾರಿಸುವುದು ಅಂತ ಅರ್ಥ, ಅದು ನಿಮಗೆ ಗೊತ್ತು. ಹಣ್ಣು ನೋಡಿ.

[ಹತ್ತಿರದಿಂದ: ಹಣ್ಣು ಹಿಚುಕುವ ಬೆರಳು.]

ಗೋಲಿ ಗಾತ್ರ. ಒತ್ತಿದರೆ ಬರೀ ಲೋಳೆ. ಬೆರಳು ಬಿಡಿಸಿದರೆ ಎಳೆ ಎಳೆ. ಹಳ್ಳಿ ಮಕ್ಕಳಿಗೆ ಇದೇ ಗೋಂದು, ಗಾಳಿಪಟ ಅಂಟಿಸೋಕೆ ಇಷ್ಟು ಸಾಕು. ರಾಜಸ್ಥಾನ, ಗುಜರಾತಿನಲ್ಲಿ ಕಾಯಿದ್ದಾಗಲೇ ಉಪ್ಪಿನಕಾಯಿ ಹಾಕುತ್ತಾರೆ, ಜಾಣರು. ತಡೀರಿ, ಹಣ್ಣು ತಿಂದೇ ನೋಡುತ್ತೇನೆ.

[ತಿನ್ನುತ್ತಾನೆ. ಐದು ಸೆಕೆಂಡು ಮಾತಿಲ್ಲ.]

ತುಟಿಗೆ ಅಂಟು, ಹಲ್ಲಿಗೆ ಅಂಟು, ಒರೆಸಿದ ಕೈಗೂ ಅಂಟು. ಉಗಿಯೋಕೂ ಆಗಲ್ಲ, ನುಂಗೋಕೂ ಆಗಲ್ಲ. ಕಳ್ಳನಿಗೆ ಇಷ್ಟು ಹೊತ್ತು ಸಾಕಲ್ವಾ? ನಾನು ಬಾಯಿ ಬಿಡಿಸಿಕೊಂಡು "ಹಿಡೀರಿ" ಅನ್ನುವಷ್ಟರಲ್ಲಿ ಅವನು ಹೊಳಲ್ಕೆರೆ ದಾಟಿರುತ್ತಾನೆ. ಈ ಮಾತಿಗೆ ಜನ ಕೊಡುವ ಕಾರಣವೂ ಈ ಅಂಟೇ. ಚಳ್ಳಕೆರೆಯ ಗೆಳೆಯ ಮಾತ್ರ "ನಮ್ಮೂರ ಹೆಸರನ್ನು ಈ ವಿಡಿಯೋಗೆ ಎಳೀಬೇಡ" ಅಂದ. ಎಳೆದಾಯ್ತು.

ಇನ್ನೊಂದು ಮಜಾ ಇದೆ. ಚೀಟಿ ದುಡ್ಡು ನುಂಗಿದವನು ನಮಗೆ ಹಾಕುವುದು ಪಂಗನಾಮ. ಹುಡುಕಿ ಬಂದ ಪೊಲೀಸರ ಕೈಯಿಂದ ಅದೇ ಮನುಷ್ಯ ಜಾರಿದರೆ, ಅವರಿಗೆ ತಿನ್ನಿಸಿದ್ದು ಚಳ್ಳೆಹಣ್ಣು. ದೋಚುವುದಕ್ಕಿಂತ ತಪ್ಪಿಸಿಕೊಳ್ಳುವುದಕ್ಕೇ ಈ ಮಾತು ಚೆನ್ನಾಗಿ ಹೊಂದುತ್ತದೆ. ತಿಂದವರು ದೊಡ್ಡವರಾದಷ್ಟೂ ಹೇಳುವವರಿಗೆ ಒಳಗೊಳಗೇ ಖುಷಿ. "ಮೋಸ" ಅನ್ನುವಾಗ ಆ ನಗು ಇರಲ್ಲ.

[ಕ್ಯಾಮೆರಾ ಹಿಂದಿನಿಂದ: "ಟೈಮ್ ಆಯ್ತು!"]

ಸರಿ, ಬೇಗ ಬೇಗ. ಟೋಪಿ ಹಾಕುವುದು, ಕಿವಿಗೆ ಹೂವಿಡುವುದು, ಮಂಕುಬೂದಿ ಎರಚುವುದು, ಮೂರೂ ಮುಂದಿನ ಸಲ. "ವಂಚನೆ" ಠಾಣೆಯ ಕಾಗದದ ಪದ. "ಫೋರ್ ಟ್ವೆಂಟಿ" ಹುಟ್ಟಿದ್ದು 1860ರ ಭಾರತೀಯ ದಂಡ ಸಂಹಿತೆಯ 420ನೇ ಸೆಕ್ಷನ್ನಿನಿಂದ. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 318 ಬಂದಿದೆ. "ಅವನೊಬ್ಬ ತ್ರೀ ಒನ್ ಏಟ್" ಅಂದು ನೋಡಿ, ಬಸ್ ನಂಬರ್ ಅಂದುಕೊಳ್ಳುತ್ತಾರೆ.

ಉಳಿದದ್ದು ಕೈಕೊಡುವುದು. ಆ ಕೆಲಸ ನಮ್ಮ ಜಿಲ್ಲೆಯಲ್ಲಿ ಮನುಷ್ಯರಿಗಿಂತ ಜಾಸ್ತಿ ಮಳೆಯದ್ದು. ಮೋಡ ಕಟ್ಟುತ್ತದೆ, ಗುಡುಗುತ್ತದೆ, ಶೇಂಗಾ ಬಿತ್ತಿದವರು ತಲೆ ಎತ್ತುವಷ್ಟರಲ್ಲಿ ನಾಪತ್ತೆ. ಅದರ ಮೇಲೆ ಹಾಕೋಕೆ ಹಳೇ ಸೆಕ್ಷನ್ನೂ ಇರಲಿಲ್ಲ, ಹೊಸದೂ ಇಲ್ಲ.