ಮೀನು ತಪ್ಪಿಸಿಕೊಳ್ಳಬಾರದು ಅಂತ ಹಾಕಿದ ಜಾಲರಿ, ಮತ್ತು 2209 ಸಾವು

ನಮಸ್ಕಾರ. ಕಳೆದ ವಿಡಿಯೋ ನೋಡಿದ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದ್ದರು. ಹಳೇ ಕಾಲದ ಸಣ್ಣ ಅಣೆಕಟ್ಟು. ಕರೆಂಟ್ ಉತ್ಪಾದನೆ ಇಲ್ಲ, ನೀರಾವರಿ ಇಲ್ಲ. ಜನ ಬರೋದು ಬೋಟಿಂಗ್‌ಗೆ, ಮೀನು ಹಿಡಿಯೋಕೆ, ಸುಮ್ನೆ ದಡದಲ್ಲಿ ಕೂರೋಕೆ. ಇಂಥ ಕಡೆ ಸುರಕ್ಷತೆ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಲೇಬೇಕು. ಅಣೆಕಟ್ಟು ದುಡಿಯೋದು ನಿಲ್ಲಿಸಿ ಮೋಜಿನ ಜಾಗ ಆದಾಗ ಅದರ ಅಪಾಯ ಕಮ್ಮಿ ಆಗಲ್ಲ. ಎಷ್ಟೋ ಸಲ ಜಾಸ್ತಿ ಆಗುತ್ತೆ. ಯಾಕೆ ಅಂತ ಹುಡುಕ್ತಾ ಹೋದರೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಸೌತ್ ಫೋರ್ಕ್ ಅಣೆಕಟ್ಟಿಗೆ ಬಂದು ನಿಲ್ಲುತ್ತೇವೆ.

[ದೃಶ್ಯ: ಮಣ್ಣಿನ ಏರಿಯ ಅಡ್ಡಸೀಳು ಚಿತ್ರ]

ಮೊದಲು ಬೇಗ ಒಂದು ಪರಿಚಯ. ಮಣ್ಣಿನ ಅಣೆಕಟ್ಟಿನಲ್ಲಿ ಮೂರು ಭಾಗ ಗೊತ್ತಿದ್ದರೆ ಸಾಕು. ನೀರನ್ನು ತಡೆದು ನಿಲ್ಲಿಸುವ ಏರಿ. ಬೇಕೆಂದಾಗ ತಳದಿಂದ ನೀರು ಬಿಡುವ ತೂಬು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗುವ ಕೋಡಿ. ನೀರು ಕೋಡಿ ಬಿಟ್ಟು ಏರಿಯ ನೆತ್ತಿ ಮೇಲೆ ಹರಿಯಿತೋ, ಮಣ್ಣು ಕೊಚ್ಚಿಕೊಂಡು ಹೋಗೋಕೆ ಶುರು. ಅಷ್ಟೇ.

ಸೌತ್ ಫೋರ್ಕ್ ಏರಿ 72 ಅಡಿ ಎತ್ತರ, 931 ಅಡಿ ಉದ್ದ. 1853ರಲ್ಲಿ ಕೆಲಸ ಮುಗೀತು. ಕಟ್ಟಿದ್ದು ಸರಕು ದೋಣಿಗಳ ಕಾಲುವೆಗೆ ನೀರು ಕೊಡೋಕೆ. ಆದರೆ ಅಷ್ಟರಲ್ಲಿ ರೈಲು ಬಂದುಬಿಟ್ಟಿತ್ತು. ಕಾಲುವೆ ಯಾರಿಗೂ ಬೇಡವಾಯಿತು, ಅಣೆಕಟ್ಟನ್ನು ರೈಲ್ವೆ ಕಂಪನಿಗೆ ಮಾರಿದರು. 1862ರಲ್ಲಿ ಏರಿ ಒಂದು ಸಲ ಒಡೆಯಿತು. ಕೆರೆಯಲ್ಲಿ ನೀರು ಅರ್ಧಂಬರ್ಧ ಇದ್ದಿದ್ದರಿಂದ ದೊಡ್ಡ ಅನಾಹುತ ಆಗಲಿಲ್ಲ. ಆಮೇಲೆ ಬಂದ ಮಾಲೀಕರೊಬ್ಬರು ತೂಬಿನ ಎರಕದ ಕಬ್ಬಿಣದ ಪೈಪುಗಳನ್ನು ಕಿತ್ತು ಗುಜರಿಗೆ ಹಾಕಿಸಿದರು.

ಈ ಪೈಪಿನ ವಿಷಯ ನೆನಪಿಟ್ಟುಕೊಳ್ಳಿ. ತೂಬು ಇಲ್ಲದ ಕೆರೆಯನ್ನು ಬೇಕಾದಾಗ ಇಳಿಸೋಕೆ ಆಗಲ್ಲ. ಮಳೆ ಬರುತ್ತೆ ಅಂತ ಮೊದಲೇ ಗೊತ್ತಾದರೂ ಆಗಲ್ಲ, ಏರಿ ರಿಪೇರಿ ಮಾಡಬೇಕು ಅಂದರೂ ಆಗಲ್ಲ. ಉಳಿದಿದ್ದು ಕೋಡಿ ಒಂದೇ.

1879ರಲ್ಲಿ ಈ ಜಾಗ ಸೌತ್ ಫೋರ್ಕ್ ಮೀನುಗಾರಿಕೆ ಮತ್ತು ಬೇಟೆ ಕ್ಲಬ್ಬಿನ ಕೈಗೆ ಬಂತು. ಪಿಟ್ಸ್‌ಬರ್ಗಿನ ಭಾರೀ ಶ್ರೀಮಂತರ ಕ್ಲಬ್ ಇದು. ಆಂಡ್ರ್ಯೂ ಕಾರ್ನೆಗಿ, ಹೆನ್ರಿ ಕ್ಲೇ ಫ್ರಿಕ್, ಆಂಡ್ರ್ಯೂ ಮೆಲನ್ ಎಲ್ಲ ಇದರ ಸದಸ್ಯರು. ಒಡೆದಿದ್ದ ಕಡೆ ಮಣ್ಣು, ಕೊಂಬೆ, ಹುಲ್ಲು ತುಂಬಿ ಮುಚ್ಚಿದರು. ಏರಿ ಮೇಲೆ ಸಾರೋಟುಗಳು ಎದುರುಬದುರು ಬಂದರೂ ದಾಟುವಷ್ಟು ಅಗಲ ಬೇಕು ಅಂತ ಅದರ ನೆತ್ತಿಯನ್ನು ಸುಮಾರು ಮೂರು ಅಡಿ ತಗ್ಗಿಸಿದರು. ಏರಿ ಮೇಲಕ್ಕೆ ಹೋದಂತೆ ಕಿರಿದಾಗುತ್ತೆ ಅಲ್ವಾ, ಮೇಲಿನ ಭಾಗ ಕತ್ತರಿಸಿದರೆ ರಸ್ತೆ ತಾನಾಗೇ ಅಗಲ ಆಗುತ್ತೆ.

ಆಮೇಲೆ ಬಂತು ಜಾಲರಿ. ಈ ವಿಡಿಯೋ ಮಾಡಬೇಕು ಅನ್ನಿಸಿದ್ದೇ ಇದರಿಂದ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

[ದೃಶ್ಯ: ಕೋಡಿಯ ಮೇಲಿನ ಸೇತುವೆ, ಕೆಳಗೆ ಕಬ್ಬಿಣದ ಜಾಲರಿ]

ಸದಸ್ಯರು ಗಾಳ ಹಾಕೋಕೆ ಅಂತ ಕೆರೆಗೆ ಬ್ಲ್ಯಾಕ್ ಬಾಸ್ ಮೀನು ತರಿಸಿ ಬಿಟ್ಟಿದ್ದರು. ಮಳೆಗಾಲದಲ್ಲಿ ಕೋಡಿ ಬಿದ್ದರೆ ಮೀನು ನೀರಿನ ಜೊತೆ ಹೊರಟುಹೋಗುತ್ತೆ. ಅದಕ್ಕೆ ಕೋಡಿಯ ಮೇಲಿದ್ದ ಸೇತುವೆಯ ಕಂಬಗಳ ನಡುವೆ ಕಬ್ಬಿಣದ ಜಾಲರಿ ಕೂರಿಸಿದರು. ದುಡ್ಡು ಕೊಟ್ಟು ತಂದ ಮೀನನ್ನು ಉಳಿಸಿಕೊಳ್ಳೋದು ತಪ್ಪೇನಲ್ಲ. ತಿಳಿ ನೀರು ಹರಿಯುವಾಗ ಜಾಲರಿಯಿಂದ ತೊಂದರೆಯೂ ಇಲ್ಲ. ಆದರೆ ಪ್ರವಾಹದ ನೀರು ತಿಳಿಯಾಗಿ ಬರಲ್ಲ. ಎಲೆ, ಕೊಂಬೆ, ಬುಡಸಮೇತ ಕಿತ್ತ ಗಿಡ, ಮರದ ದಿಮ್ಮಿ ಎಲ್ಲ ಹೊತ್ತು ತರುತ್ತೆ. ಅಡುಗೆಮನೆ ಸಿಂಕಿನ ಜಾಲರಿಗೆ ನಾಲ್ಕು ಕರಿಬೇವಿನ ಎಲೆ ಅಡ್ಡ ಕೂತರೆ ನೀರು ಹೇಗೆ ಮೇಲೇರುತ್ತೆ, ಹಾಗೆ. ಎಷ್ಟು ಜೋರಾಗಿ ನೀರು ಬಂದರೆ ಅಷ್ಟು ಬಿಗಿಯಾಗಿ ಕಸ ಕೂರುತ್ತೆ. ಅಂದರೆ ಕೋಡಿ ಪೂರ್ತಿ ತೆರೆದಿರಬೇಕಾದ ದಿನವೇ ಜಾಲರಿ ಅದನ್ನು ಮುಚ್ಚುತ್ತೆ.

1889ರ ಮೇ 31. ರಾತ್ರಿಯಿಡೀ ವಿಪರೀತ ಮಳೆ ಸುರಿದಿತ್ತು. ಕೆರೆ ನೋಡನೋಡುತ್ತಲೇ ಏರುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ಎಲಿಯಾಸ್ ಉಂಗರ್ ಕೂಲಿಯಾಳುಗಳನ್ನು ಹಚ್ಚಿ ಏರಿಯ ಮೇಲೆ ಮಣ್ಣು ಪೇರಿಸಿದರು, ಇನ್ನೊಂದು ಬದಿಯಲ್ಲಿ ಹೊಸ ಕೋಡಿ ತೋಡೋಕೆ ನೋಡಿದರು. ಜಾಲರಿ ಕೀಳೋಣ ಅಂತ ಹೋಗುವಷ್ಟರಲ್ಲಿ ಕಸ ಅದನ್ನು ಅಲ್ಲಾಡದ ಹಾಗೆ ಹಿಡಿದಿತ್ತು. ಜಾನ್ ಪಾರ್ಕ್ ಅನ್ನುವ ಯುವ ಎಂಜಿನಿಯರ್ ಎಚ್ಚರಿಕೆ ಕೊಡೋಕೆ ಕುದುರೆ ಏರಿ ಸೌತ್ ಫೋರ್ಕ್ ಊರಿಗೆ ಓಡಿದ. ಅಲ್ಲಿಂದ ತಂತಿ ಸಂದೇಶವೂ ಹೋಯಿತು. ಆದರೆ ಕಣಿವೆಯ ಜನಕ್ಕೆ ‘ಅಣೆಕಟ್ಟು ಒಡೆಯುತ್ತಂತೆ’ ಅನ್ನುವ ಮಾತು ಪ್ರತಿ ಮಳೆಗಾಲದಲ್ಲೂ ಕೇಳಿ ಕೇಳಿ ಸಾಕಾಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಏರಿ ಒಡೆಯಿತು. ನಾಲ್ಕು ಗಂಟೆ ದಾಟುತ್ತಿದ್ದಂತೆ ನೀರು 14 ಮೈಲಿ ಕೆಳಗಿದ್ದ ಜಾನ್ಸ್‌ಟೌನ್ ಊರಿಗೆ ನುಗ್ಗಿತು. ಸತ್ತವರು 2209 ಜನ.

ಬರೀ ಜಾಲರಿಯಿಂದ ಇಷ್ಟೆಲ್ಲ ಆಯಿತಾ? ಇಲ್ಲ. ತಗ್ಗಿಸಿದ ಆ ಮೂರು ಅಡಿಗೆ ಬನ್ನಿ. ಕೋಡಿಯಲ್ಲಿ ನಿಂತ ನೀರಿನ ಆಳ ಎರಡು ಪಟ್ಟಾದರೆ ಹರಿವು ಎರಡು ಪಟ್ಟಲ್ಲ, ಸುಮಾರು 2.8 ಪಟ್ಟಾಗುತ್ತೆ. ಅಂದರೆ ಏರಿಯ ಕೊನೆಯ ಕೆಲವು ಅಡಿಗಳೇ ಕೋಡಿಗೆ ಅತಿ ಹೆಚ್ಚು ಶಕ್ತಿ ಕೊಡೋದು. ಕ್ಲಬ್ಬಿನವರು ಕತ್ತರಿಸಿದ್ದು ಸರಿಯಾಗಿ ಅದನ್ನೇ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ತನಿಖಾ ವರದಿ 1891ರಲ್ಲಿ ಹೊರಬಂತು. ಕ್ಲಬ್ ಏನೂ ಬದಲಾಯಿಸದೆ ಇದ್ದಿದ್ದರೂ ಅಣೆಕಟ್ಟು ಒಡೆಯುತ್ತಿತ್ತು ಅಂತ ಅದು ಹೇಳಿತು. 2016ರಲ್ಲಿ ವಿಜ್ಞಾನಿಗಳು ಮತ್ತೆ ಲೆಕ್ಕ ಹಾಕಿ ಆ ತೀರ್ಮಾನ ಸರಿಯಲ್ಲ ಅಂದರು. ಅವರ ಪ್ರಕಾರ ಕ್ಲಬ್ಬಿನ ಬದಲಾವಣೆಗಳಿಂದ, ಸುರಕ್ಷಿತವಾಗಿ ಹೊರಬಿಡಬಹುದಾದ ನೀರಿನ ಪ್ರಮಾಣ ಅರ್ಧಕ್ಕೆ ಇಳಿದಿತ್ತು.

ನನಗೆ ಸಿಟ್ಟು ಬರೋದು ಇನ್ನೊಂದು ವಿಷಯಕ್ಕೆ. 1880ರಲ್ಲೇ ಜಾನ್ಸ್‌ಟೌನಿನ ಕೇಂಬ್ರಿಯಾ ಕಬ್ಬಿಣದ ಕಂಪನಿಯ ಮುಖ್ಯಸ್ಥ ಡೇನಿಯಲ್ ಮೊರೆಲ್ ತನ್ನ ಎಂಜಿನಿಯರನ್ನು ಕಳಿಸಿ ಅಣೆಕಟ್ಟು ನೋಡಿಸಿದ್ದರು. ತೂಬಿಲ್ಲ, ರಿಪೇರಿ ಸರಿಯಿಲ್ಲ ಅಂತ ವರದಿ ಬಂತು. ಬೇಕಾದರೆ ಖರ್ಚಿನಲ್ಲಿ ನಾವೂ ಪಾಲು ಕೊಡ್ತೀವಿ ಅಂತಲೂ ಮೊರೆಲ್ ಹೇಳಿದರು. ನಿಮಗೆ ಯಾವ ಅಪಾಯವೂ ಇಲ್ಲ ಅಂತ ಕ್ಲಬ್ ಬರೆದು ಕಳಿಸಿತು. ದುರಂತ ಆದಮೇಲೆ ಸಂತ್ರಸ್ತರು ಹೂಡಿದ ಕೇಸುಗಳಲ್ಲಿ ಕ್ಲಬ್ಬಿನಿಂದ ಯಾರಿಗೂ ಪರಿಹಾರ ಸಿಗಲಿಲ್ಲ. ಹಣ ಇರಲಿಲ್ಲ ಅನ್ನೋಕೆ ಇಲ್ಲಿ ಜಾಗವೇ ಇಲ್ಲ. ಅಮೆರಿಕದಲ್ಲೇ ಅತಿ ಹೆಚ್ಚು ಹಣ ಇದ್ದವರ ಕೆರೆ ಅದು. ಅವರ ಕಣ್ಣಿಗೆ ಕೆರೆ ಕಾಣುತ್ತಿತ್ತು, ಏರಿ ಕಾಣುತ್ತಿರಲಿಲ್ಲ. ಕಾಲುವೆಗೆ ನೀರು ಬಿಡಬೇಕಿದ್ದ ಕಾಲದಲ್ಲಾದರೆ ತೂಬು ಕೆಟ್ಟರೆ ಅವತ್ತೇ ಗೊತ್ತಾಗುತ್ತಿತ್ತು. ಬೋಟಿಂಗ್ ಮಾಡೋರಿಗೆ ತೂಬು ಇದ್ದರೇನು, ಇಲ್ಲದಿದ್ದರೇನು?

ಸಮಯ ಓಡ್ತಾ ಇದೆ, ಉಳಿದಿದ್ದನ್ನು ಬೇಗ ಹೇಳ್ತೀನಿ. ಅಮೆರಿಕದ ಜಾರ್ಜಿಯಾದಲ್ಲಿ ಕೆಲ್ಲಿ ಬಾರ್ನ್ಸ್ ಅಣೆಕಟ್ಟು. ಮೊದಲು ವಿದ್ಯುತ್ತಿಗೆ, 1957ರ ನಂತರ ವಿಹಾರಕ್ಕೆ. ಎತ್ತರ ಸುಮಾರು 40 ಅಡಿ ಮಾತ್ರ. 1977ರ ನವೆಂಬರ್ 6ರ ನಡುರಾತ್ರಿ ಒಡೆದು ಕೆಳಗಿನ ಟೊಕೋವಾ ಫಾಲ್ಸ್ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು. ಇದಾದ ಮೇಲೆಯೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ದೇಶದ ಅಪಾಯಕಾರಿ ಖಾಸಗಿ ಅಣೆಕಟ್ಟುಗಳ ತಪಾಸಣೆ ಶುರು ಮಾಡಿಸಿದ್ದು. ಇಂಗ್ಲೆಂಡಿನ ಟಾಡ್‌ಬ್ರೂಕ್ ಕೂಡ ಕಾಲುವೆಗೆ ಕಟ್ಟಿದ ಹಳೇ ಜಲಾಶಯ, ಅಲ್ಲಿ ಹಾಯಿದೋಣಿ ಕ್ಲಬ್ ಇತ್ತು. 2019ರ ಆಗಸ್ಟ್ 1ರಂದು ಅದರ ಕೋಡಿಯ ಕಾಂಕ್ರೀಟ್ ಕುಸಿಯಿತು. ಸುಮಾರು 1500 ಜನರನ್ನು ಮನೆ ಬಿಡಿಸಿದರು, ಸೇನೆಯ ಹೆಲಿಕಾಪ್ಟರ್ ಜಲ್ಲಿ ಮೂಟೆ ತಂದು ಸುರಿಯಿತು, ಪಂಪ್ ಇಟ್ಟು ನೀರು ಇಳಿಸಿದರು. ಒಂದೂ ಸಾವಿಲ್ಲ. ಕಾರಣ ಕೆಟ್ಟ ವಿನ್ಯಾಸ, ಜೊತೆಗೆ ಸರಿಯಿಲ್ಲದ ನಿರ್ವಹಣೆ ಅಂತ ತನಿಖೆ ಹೇಳಿತು.

ಇನ್ನು, ಅಣೆಕಟ್ಟುಗಳ ಸರ್ಕಾರಿ ಪಟ್ಟಿಯಲ್ಲಿ ‘ಹೆಚ್ಚಿನ ಅಪಾಯ’ ಅಂತ ಇದ್ದರೆ ಅಣೆಕಟ್ಟು ಈಗಲೇ ಬೀಳುತ್ತೆ ಅಂತಲ್ಲ. ಒಡೆದರೆ ಕೆಳಗೆ ಜೀವ ಹೋಗುತ್ತೆ ಅಂತ. ಕಾಡಿನ ಮಧ್ಯೆ ಕಟ್ಟಿದ ಅಣೆಕಟ್ಟಿನ ಕೆಳಗೆ ಐವತ್ತು ವರ್ಷದ ಮೇಲೆ ಬಡಾವಣೆ ಬಂದರೆ, ಒಂದು ಕಲ್ಲೂ ಅಲ್ಲಾಡದೆ ಅದೇ ಅಣೆಕಟ್ಟು ಆ ಪಟ್ಟಿಗೆ ಸೇರುತ್ತೆ.

ನೀವು ಇಂಥ ಜಾಗಕ್ಕೆ ಹೋದಾಗ ಏರಿಯ ಹಿಂಬದಿಯನ್ನೂ ಒಮ್ಮೆ ನೋಡಿ. ಬುಡದಲ್ಲಿ ಸ್ವಲ್ಪ ತಿಳಿ ನೀರು ಜಿನುಗೋದು ಎಷ್ಟೋ ಕಡೆ ಇರುತ್ತೆ. ಅದೇ ನೀರು ಕೆಂಪಗೆ, ಬಗ್ಗಡವಾಗಿ ಬರ್ತಿದ್ದರೆ ಒಳಗಿನ ಮಣ್ಣೇ ಹೊರಗೆ ಬರ್ತಿದೆ ಅಂತ ಅರ್ಥ. ತಕ್ಷಣ ಅಲ್ಲಿನ ಸಿಬ್ಬಂದಿಗೆ ಹೇಳಿ. ಏರಿ ಮೇಲೆ ದೊಡ್ಡ ಮರ, ಪ್ರಾಣಿ ತೋಡಿದ ಬಿಲ, ಕೋಡಿಗೆ ಅಡ್ಡ ಬೇಲಿ ಕಂಡರೂ ಅಷ್ಟೇ. ಕೊನೆಯದಾಗಿ, ನದಿಗೆ ಅಡ್ಡವಾಗಿರುವ ಮೂರ್ನಾಲ್ಕು ಅಡಿಯ ಸಣ್ಣ ಕಟ್ಟೆಗಳು. ನೀರು ನುಣ್ಣಗೆ ಜಾರಿ ಬೀಳೋದು ನೋಡೋಕೆ ಚೆನ್ನಾಗಿರುತ್ತೆ. ಆದರೆ ಕೆಳಗೆ ಬಿದ್ದ ನೀರು ಸುತ್ತಿ ಮತ್ತೆ ಕಟ್ಟೆ ಕಡೆಗೇ ಎಳೆಯುತ್ತೆ, ನೊರೆಯಲ್ಲಿ ಗಾಳಿ ತುಂಬಿರೋದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ತೇಲಿಸಲ್ಲ. ದೋಣಿಯಲ್ಲಿದ್ದರೆ ಮೊದಲೇ ದಡ ಸೇರಿ. ಯಾರಾದರೂ ಸಿಕ್ಕಿಬಿದ್ದರೆ ನೀವು ಧುಮುಕಬೇಡಿ. ದಡದಿಂದ ಹಗ್ಗ ಎಸೆಯಿರಿ, ರಕ್ಷಣಾ ತಂಡಕ್ಕೆ ಫೋನ್ ಮಾಡಿ.