ಗುದ್ದಲಿ ಪೂಜೆಗೆ ಮುಂಚೆ ಮಣ್ಣು ನೋಡೋಣ
(ಬೆಳಗಾವಿಯ ವಡಗಾವಿಯಲ್ಲಿ ನೇಕಾರರ ಸಭೆಯೊಂದರಲ್ಲಿ ಆಡಿದ ಮಾತು)

ಹಿರಿಯರಿಗೆ, ಅಕ್ಕತಂಗಿಯರಿಗೆ ಶರಣು.

ಬಾಗಿಲು ಮುಚ್ಚಿರುವ ಬಣ್ಣದ ಕಾರ್ಖಾನೆಯ ಜಾಗದಲ್ಲಿ ಸಮುದಾಯ ಭವನ ಬರುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಪಕ್ಕದಲ್ಲೇ ಅಂಗನವಾಡಿ, ಮಕ್ಕಳಿಗೆ ಆಟದ ಬಯಲು. ನನಗೂ ಖುಷಿಯೇ. ಮಗ್ಗಗಳು ಒಂದೊಂದಾಗಿ ನಿಂತು, ಹುಡುಗರು ಉದ್ಯಮಬಾಗಕ್ಕೋ ಪುಣೆಗೋ ದುಡಿಯಲು ಹೋಗುತ್ತಿರುವ ಓಣಿಗಳು ಇವು. ಮದುವೆಗೆ ಚಪ್ಪರ ಹಾಕಬೇಕೆಂದರೆ ರಸ್ತೆ ಬಿಟ್ಟರೆ ಬೇರೆ ಜಾಗವಿಲ್ಲ. ಭವನ ಬೇಡ ಎನ್ನಲು ನಾನು ಬಂದಿಲ್ಲ. ಗುದ್ದಲಿ ಪೂಜೆಗೆ ಮುಂಚೆ ಮಣ್ಣಿನ ಪರೀಕ್ಷೆ ಆಗಲಿ ಎಂದು ಕೇಳಲು ಬಂದಿದ್ದೇನೆ.

"ಸರ್, ಸಾಯಿಲ್ ಟೆಸ್ಟ್ ಆಗೇತ್ರಿ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗಿರಬಹುದು. ಆದರೆ ಎಂಜಿನಿಯರ್ ಮಾಡಿಸುವ ಆ ಟೆಸ್ಟ್, ಮಣ್ಣು ಕಟ್ಟಡದ ಭಾರ ತಡೆಯುತ್ತದೆಯೇ ಎಂದು ನೋಡುವುದಕ್ಕೆ. ಮಣ್ಣಲ್ಲಿ ವಿಷ ಇದೆಯೇ ಎಂದು ಅದು ಹೇಳುವುದಿಲ್ಲ. ಎರಡೂ ಬೇರೆ ಬೇರೆ ಪರೀಕ್ಷೆ. ಒಂದರ ಕಾಗದ ತೋರಿಸಿದರೆ ಇನ್ನೊಂದು ಆದಂತಾಗಲಿಲ್ಲ.

ಒಂದು ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ಅಮೆರಿಕದ ನಯಾಗರಾ ಫಾಲ್ಸ್ ಊರಿನಲ್ಲಿ ಲವ್ ಕೆನಾಲ್ ಅಂತ ಒಂದು ಕಾಲುವೆ. ಹಿಂದೆ ಕೂತ ಹುಡುಗರು ನಗಬೇಡಿ, ಲವ್ ಎನ್ನುವುದು ಅದನ್ನು ತೋಡಿಸಿದವನ ಮನೆತನದ ಹೆಸರು! ಕೆಲಸ ಅರ್ಧಕ್ಕೇ ನಿಂತಿತು, ಕಾಲುವೆ ಹಾಗೇ ಬಿತ್ತು. 1942ರಿಂದ ಹುಕರ್ ಎಂಬ ರಾಸಾಯನಿಕ ಕಂಪನಿ ಅಲ್ಲಿ ಸುಮಾರು 21,000 ಟನ್ ತ್ಯಾಜ್ಯ ಹೂತಿತು. ಮೇಲೆ ಜೇಡಿಮಣ್ಣು ಮುಚ್ಚಿತು. 1953ರಲ್ಲಿ ಆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದೇ ಒಂದು ಡಾಲರ್‌ಗೆ ಬರೆದುಕೊಟ್ಟಿತು. ಕೆಳಗೆ ರಾಸಾಯನಿಕ ಇದೆ ಎಂದು ಕ್ರಯಪತ್ರದಲ್ಲೇ ಬರೆದಿತ್ತು! ಆದರೂ ಅಲ್ಲೇ ಶಾಲೆ ಎದ್ದಿತು. ಸುತ್ತ ಮನೆಗಳು ಎದ್ದವು. ರಸ್ತೆ ಬೇಕು, ಚರಂಡಿ ಬೇಕು ಅಂತ ಅಗೆದರು. ಜೇಡಿಮಣ್ಣಿನ ಮುಚ್ಚಳ ಒಡೆಯಿತು. ಮಳೆ, ಹಿಮ ಜಾಸ್ತಿಯಾದ ವರ್ಷಗಳಲ್ಲಿ ಅಂತರ್ಜಲ ಮೇಲೇರಿ, ಹೂತಿದ್ದೆಲ್ಲ ನೆಲಮಾಳಿಗೆಗಳಲ್ಲಿ ಒಸರತೊಡಗಿತು. ಲೋಯಿಸ್ ಗಿಬ್ಸ್ ಎಂಬ ತಾಯಿ, ಅವರ ಮಗ ಅದೇ ಶಾಲೆಯಲ್ಲಿ ಓದುತ್ತಿದ್ದ, ಮನೆಮನೆ ತಿರುಗಿ ಜನರನ್ನು ಸೇರಿಸಿದರು. 1978ರಲ್ಲಿ ಶಾಲೆ ಮುಚ್ಚಿತು, ತುರ್ತುಸ್ಥಿತಿ ಘೋಷಣೆಯಾಯಿತು. 1980ರಲ್ಲಿ ಅಲ್ಲಿ, ಹೀಗೆ ಕೆಟ್ಟ ಜಾಗಗಳನ್ನು ಚೊಕ್ಕ ಮಾಡಿಸಲೆಂದೇ, ಸೂಪರ್‌ಫಂಡ್ ಎಂಬ ಕಾನೂನು ಬಂತು.

ಗಮನಿಸಿ, ಅಲ್ಲಿ ಯಾರೂ ಕೆಟ್ಟದ್ದು ಕಟ್ಟಲು ಹೋಗಿರಲಿಲ್ಲ. ಶಾಲೆ ಕಟ್ಟಿದರು, ರಸ್ತೆ ಮಾಡಿದರು. ಎಲ್ಲವೂ ಒಳ್ಳೆಯ ಕೆಲಸವೇ. ಕೆಳಗೆ ಏನಿದೆ ಎಂದು ಕಾಗದದಲ್ಲಿದ್ದರೂ ಲೆಕ್ಕಿಸದೆ ಗುದ್ದಲಿ ಹಾಕಿದರು, ಅಷ್ಟೇ. ನಮ್ಮ ಊರಿನ ಹಳ್ಳ, ಬಳ್ಳಾರಿ ನಾಲಾ, ಮಳೆಗಾಲದಲ್ಲಿ ಉಕ್ಕಿ ಗದ್ದೆಗೆ ನುಗ್ಗುವುದನ್ನು ನೋಡಿದವರಿಗೆ ನೀರಿನ ಓಡಾಟ ನಾನು ವಿವರಿಸಬೇಕಿಲ್ಲ.

ಈಗ ನಮ್ಮ ಜಾಗಕ್ಕೆ ಬರೋಣ. ಬಣ್ಣದ ಕೆಲಸ ಮಾಡಿದ ಹಿರಿಯರು ಇಲ್ಲಿ ಮುಂದಿನ ಸಾಲಿನಲ್ಲೇ ಇದ್ದಾರೆ. ಕಾಸ್ಟಿಕ್ ಸೋಡಾ, ಹೈಡ್ರೋಸ್ ಎಂಬ ರಾಸಾಯನಿಕಗಳನ್ನು ನಿಮ್ಮ ಕೈಯಲ್ಲೇ ಸುರಿದಿದ್ದೀರಿ. ಕಿತ್ತಳೆ ಬಣ್ಣದ ಹರಳು, ಡೈಕ್ರೋಮೇಟ್, ಅದೂ ಬಣ್ಣದ ಕೆಲಸದಲ್ಲಿ ಬಳಕೆಯಲ್ಲಿತ್ತು. ಅದರಲ್ಲಿರುವುದು ಕ್ರೋಮಿಯಂ ಎಂಬ ಲೋಹದ ವಿಷಕಾರಿ ರೂಪ, ಆರನೇ ರೂಪ (ಕ್ರೋಮಿಯಂ-6) ಎನ್ನುತ್ತಾರೆ. ಅದು ನೀರಲ್ಲಿ ಕರಗಿ ಕೆಳಗಿಳಿಯುತ್ತದೆ, ಬಾವಿ ಸೇರುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದರೆ ಇನ್ನೂ ಸಲೀಸು. "ನಮ್ಮ ಬಾವಿ ನೀರು ತಿಳಿಯಾಗಿದೆಯಲ್ಲ" ಎನ್ನುತ್ತೀರಿ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500. ಅಷ್ಟು ಸಣ್ಣ ಅಳತೆ ಕಣ್ಣಿಗೆ ಕಾಣುತ್ತದಾ?

ಇಂಥ ಹಳೇ ಜಾಗಗಳಲ್ಲಿ ನೋಡಬೇಕಾದ ಇನ್ನೊಂದು ವಿಷ ಸೀಸ. ಅದರ ಸ್ವಭಾವ ಇದಕ್ಕೆ ತದ್ವಿರುದ್ಧ. ಹಳೇ ಬ್ಯಾಟರಿ ಒಡೆದ ಕಡೆ ಅದು ಮೇಲಿನ ಒಂದು ಗೇಣು ಮಣ್ಣಲ್ಲೇ ಕೂತಿರುತ್ತದೆ. ಮಕ್ಕಳು ಆಡುವುದೂ ಅದೇ ಮಣ್ಣಲ್ಲಿ. ಆಡಿದ ಕೈ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಹಾಗಾಗಿ ಮೇಲಿನ ಮಣ್ಣು, ಆಳದ ಮಣ್ಣು, ಬಾವಿ ಮತ್ತು ಬೋರ್ ನೀರು, ಮೂರನ್ನೂ ನೋಡಬೇಕು. ಅಂಗನವಾಡಿ ಬರುವ ಮೂಲೆಯಲ್ಲಿ ಇನ್ನಷ್ಟು ಹತ್ತಿರ ಹತ್ತಿರದಿಂದ ಮಣ್ಣು ತೆಗೆಯಬೇಕು.

ಭಯ ಇದೆ, ನನಗೆ ಗೊತ್ತು. ಓಣಿಗೆ ಹೆಸರು ಕೆಡುತ್ತದೆ, ಬಾಡಿಗೆಗೆ ಯಾರೂ ಬರುವುದಿಲ್ಲ, ಮನೆ ಮಾರಿದರೆ ಬೆಲೆ ಸಿಗುವುದಿಲ್ಲ. ಮನೆಯೊಂದೇ ಆಸ್ತಿಯಾಗಿರುವವರಿಗೆ ಇದು ಸಣ್ಣ ಮಾತಲ್ಲ. ಆದರೆ ಪರೀಕ್ಷೆ ಮಾಡಿದರೆ ಜಾಗ ಕೈಬಿಟ್ಟು ಹೋಗುತ್ತದೆ ಎಂದು ತಿಳಿಯಬೇಡಿ. ಇಡೀ ಜಾಗ ಕೆಟ್ಟಿರುವುದು ಅಪರೂಪ. ಗಸಿ ಸುರಿದ ಕುಣಿ, ಡ್ರಮ್ ಇಟ್ಟ ಮೂಲೆ, ಇಂಥ ಕಡೆಗಳೇ ಕೆಟ್ಟಿರುತ್ತವೆ. ಅದು ಎಲ್ಲಿದೆ ಎಂದು ಗೊತ್ತಾದರೆ ನಕ್ಷೆ ಬದಲಿಸಬಹುದು. ಅಂಗನವಾಡಿಯನ್ನು ಚೊಕ್ಕ ಇರುವ ಕಡೆಗೆ ಸರಿಸಿ, ಕೆಟ್ಟ ಮೂಲೆಯನ್ನು ಭದ್ರವಾಗಿ ಮುಚ್ಚಿ ಗಾಡಿ ನಿಲ್ಲಿಸಲು ಬಿಡಬಹುದು. ತೀರಾ ಕೆಟ್ಟ ಮಣ್ಣನ್ನು ಅಗೆದು ಅಪಾಯಕಾರಿ ತ್ಯಾಜ್ಯದ ಘಟಕಕ್ಕೇ ಕಳಿಸಬೇಕು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ಇಲ್ಲಿಂದ 400 ಕಿಲೋಮೀಟರಿಗೂ ಜಾಸ್ತಿ, ಖರ್ಚಿನ ದಾರಿ. ಕ್ರೋಮಿಯಂಗೆ ಇನ್ನೊಂದು ಉಪಾಯವಿದೆ. ಬಣ್ಣದವರಿಗೆ ಗೊತ್ತಿರುವ ಅದೇ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಬೆರೆಸಿದರೆ ಆರನೇ ರೂಪ ಮೂರನೆಯದಕ್ಕೆ ತಿರುಗುತ್ತದೆ. ಅದು ಸುಲಭಕ್ಕೆ ಹರಿಯುವುದಿಲ್ಲ, ವಿಷವೂ ಬಹಳ ಕಡಿಮೆ. ಆದರೆ ಇದು ತಜ್ಞರು ಅಳೆದು ಮಾಡುವ ಕೆಲಸ. ನಾವೇ ಚೀಲ ತಂದು ಸುರಿಯುವುದಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಾನೂನಿನ ವಿಷಯ ಎರಡೇ ಮಾತಲ್ಲಿ ಮುಗಿಸುತ್ತೇನೆ. ಕಲುಷಿತ ಜಾಗಗಳ ನಿರ್ವಹಣೆಗೆಂದೇ 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಆರು ತಿಂಗಳಿಗೊಮ್ಮೆ ಕೊಡಬೇಕು. ತಿಳಿಸಿದ 90 ದಿನದೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲ ಹಂತದ ಪರಿಶೀಲನೆ ಮಾಡಬೇಕು. ಕೆಡಿಸಿದವರೇ ಖರ್ಚು ಕೊಡಬೇಕು. ಹಾಗಾದರೆ ನಾವು ಮೊದಲು ಮಾಡಬೇಕಾದ್ದು ಪಾಲಿಕೆಗೆ ಒಂದು ಅರ್ಜಿ. ಜೊತೆಗೆ ಸಿಟಿ ಸರ್ವೆ ಉತಾರ (ಜಾಗದ ದಾಖಲೆ ಪತ್ರ), ಹಳೇ ಫೋಟೋ, ಪರವಾನಗಿ ಕಾಗದ ಏನು ಸಿಕ್ಕರೂ ಇಡೋಣ. ಸೂರ್ಯಕಾಂತಿ, ಲಾವಂಚ ನೆಟ್ಟು ಮಣ್ಣು ತಿಳಿ ಮಾಡುವ ವಿಷಯ ಹೇಳಬೇಕೆಂದಿದ್ದೆ, ಅದು ಇನ್ನೊಮ್ಮೆ.

ಒಂದು ಕೆಲಸ ಮಾತ್ರ ಇವತ್ತೇ ಆಗಬೇಕು. ಆ ಕಾರ್ಖಾನೆಯಲ್ಲಿ ದುಡಿದ ಕಾಕಾಗಳು, ಮಾವಂದಿರು, ನೂಲು ಒಣಗಿಸುತ್ತಿದ್ದ ಅಕ್ಕಂದಿರು ಊಟಕ್ಕೆ ಮೊದಲು ಇಲ್ಲಿ ಮೇಜಿನ ಹತ್ತಿರ ಬನ್ನಿ. ಜಾಗದ ನಕ್ಷೆ ದೊಡ್ಡದಾಗಿ ಬರೆಸಿ ತಂದಿದ್ದೇನೆ. ತೊಟ್ಟಿ ಎಲ್ಲಿತ್ತು, ಗಸಿ ಎಲ್ಲಿ ಹಾಕುತ್ತಿದ್ದರು, ಕೊಳೆನೀರು ಯಾವ ಕಡೆ ಬಿಡುತ್ತಿದ್ದರು, ಪೆನ್ಸಿಲ್ ಹಿಡಿದು ಗುರುತು ಮಾಡಿ. ಬರೆಯಲು ಬರದವರು ಬೆರಳಿಟ್ಟು ತೋರಿಸಿ, ನಾನು ಬರೆದುಕೊಳ್ಳುತ್ತೇನೆ.