ದಮ್ಮಿನ ಕಾಯಿಲೆಯವರಿಗೆ ಯಾವ ಅರಿವಳಿಕೆ?

ಶ್ರೋತೃಗಳಿಗೆ ನಮಸ್ಕಾರ. ವರ್ಷಗಟ್ಟಲೆ ಬೀಡಿ ಸೇದಿಯೋ, ಸೌದೆ ಒಲೆಯ ಹೊಗೆ ಕುಡಿದೋ ಶ್ವಾಸಕೋಶ ಸವೆದಿರುವ ಹಿರಿಯರಿಗೆ ಶಸ್ತ್ರಚಿಕಿತ್ಸೆ ಎಂದಾಗ, 'ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಡ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿಬಿಡಿ' ಎಂದು ಮನೆಯವರು ಕೇಳಿಕೊಳ್ಳುತ್ತಾರೆ. ಈ ಕೋರಿಕೆಯಲ್ಲಿ ತಿಳಿವಳಿಕೆಯಿದೆ, ಆದರೆ ಅದು ಎಲ್ಲ ಶಸ್ತ್ರಚಿಕಿತ್ಸೆಗೂ ಹೊಂದುವುದಿಲ್ಲ.

ಈ ಕಾಯಿಲೆಯಲ್ಲಿ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟ. ಪೂರ್ಣ ಅರಿವಳಿಕೆಯಲ್ಲಿ ಯಂತ್ರವು ಉಸಿರು ತುಂಬುವಾಗ, ಹಿಂದಿನ ಉಸಿರು ಹೊರಬರಲು ಬಿಡುವು ಸಿಗದಿದ್ದರೆ ಗಾಳಿ ಎದೆಯೊಳಗೇ ಪೇರಿಕೊಂಡು, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಉಸಿರಾಟಕ್ಕೆಂದು ಶ್ವಾಸನಾಳದೊಳಗೆ ಇಳಿಸುವ ಕೊಳವೆಯಿಂದ ಉಬ್ಬಸ ಕೆರಳಬಹುದು. ಸ್ನಾಯು ಸಡಿಲಿಸುವ ಔಷಧದ ಶೇಷ ಉಳಿದರೆ ಕೆಮ್ಮು ಕ್ಷೀಣಿಸಿ ಕಫ ಒಳಗೇ ನಿಲ್ಲುತ್ತದೆ. ಆದ್ದರಿಂದ ಸೊಂಟದ ಮೂಳೆ, ಪ್ರಾಸ್ಟೇಟ್, ಹರ್ನಿಯಾಗಳಿಗೆ ಬೆನ್ನಿನ ಅರಿವಳಿಕೆ ನಿಜಕ್ಕೂ ಒಳ್ಳೆಯ ದಾರಿ. ಆದರೆ ಮರಗಟ್ಟುವಿಕೆ ಎದೆಯವರೆಗೆ ಏರಿದರೆ, ಉಸಿರು ಹೊರದಬ್ಬಲು ಈ ರೋಗಿಗಳು ನೆಚ್ಚಿಕೊಂಡಿರುವ ಹೊಟ್ಟೆಯ ಸ್ನಾಯುಗಳೇ ಸೋಲುತ್ತವೆ.

ಭುಜದ ಶಸ್ತ್ರಚಿಕಿತ್ಸೆಯನ್ನು ನಾನು ವಿಶೇಷವಾಗಿ ಹೇಳಬೇಕು. ಕತ್ತಿನ ಬುಡದಲ್ಲಿ ನರಗಳಿಗೆ ಚುಚ್ಚುಮದ್ದು ಕೊಟ್ಟರೆ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಹೀಗಾಗಿ ಅದು ನಿರಪಾಯವೆಂದು ತೋರುತ್ತದೆ. ಆದರೆ ಎದೆ ಹೊಟ್ಟೆಗಳ ನಡುವಿನ ವಪೆಯನ್ನು ನಡೆಸುವ ನರವೂ ಅಲ್ಲಿಯೇ ಹಾದುಹೋಗುವುದರಿಂದ, ರೂಢಿಯ ಪ್ರಮಾಣದಲ್ಲಿ ಔಷಧ ಕೊಟ್ಟರೆ ಬಹುತೇಕ ಎಲ್ಲರಲ್ಲೂ ಆ ಬದಿಯ ವಪೆ ಕೆಲವು ಗಂಟೆ ನಿಶ್ಚಲವಾಗುತ್ತದೆ. ಆರೋಗ್ಯವಂತರಿಗೆ ಇದು ಗೊತ್ತೇ ಆಗದಿರಬಹುದು. ಉಸಿರಿನ ಸಾಮರ್ಥ್ಯದಲ್ಲಿ ಸುಮಾರು ಕಾಲುಭಾಗ ಕಳೆದುಕೊಳ್ಳುವುದು ದಮ್ಮಿನವರಿಗೆ ಪ್ರಾಣಸಂಕಟ. ಕಾಯಿಲೆ ತೀವ್ರವಾಗಿದ್ದರೆ ಎಚ್ಚರಿಕೆಯಿಂದ ನಡೆಸಿದ ಪೂರ್ಣ ಅರಿವಳಿಕೆಯೇ ಅಲ್ಲಿ ಮೇಲು ಎಂಬುದು ನನ್ನ ಅಭಿಪ್ರಾಯ. ಮುಂಗೈಗಾದರೆ ಕಂಕುಳಿನ ಚುಚ್ಚುಮದ್ದು ವಪೆಯ ತಂಟೆಗೆ ಹೋಗುವುದಿಲ್ಲ.

ಮೇಲ್ಹೊಟ್ಟೆಯನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯೇ ಬೇಕು. ಜೊತೆಗೆ ಬೆನ್ನಿನಲ್ಲಿ ಎಪಿಡ್ಯೂರಲ್ ಕೊಳವೆ, ಅಂದರೆ ನೋವು ತಗ್ಗಿಸುವ ಔಷಧ ಹರಿಸುವ ಸಣ್ಣ ನಳಿಕೆ, ಇಟ್ಟರೆ ಮರುದಿನ ನೋವಿಲ್ಲದೆ ಕೆಮ್ಮಲು ಅನುಕೂಲ.

ಧೂಮಪಾನ ಬಿಡಲು ಕನಿಷ್ಠ 4 ವಾರ ಮೊದಲೇ ಹೊರಡಿ. ಇನ್‌ಹೇಲರನ್ನು ಶಸ್ತ್ರಚಿಕಿತ್ಸೆಯ ಬೆಳಿಗ್ಗೆಯೂ ಬಿಡಬೇಡಿ. ರಾತ್ರಿ ಎಷ್ಟು ದಿಂಬು ಇಟ್ಟು ಮಲಗುತ್ತೀರಿ ಎಂಬುದನ್ನೂ ಅರಿವಳಿಕೆ ತಜ್ಞರಿಗೆ ತಪ್ಪದೆ ಹೇಳಿ. ಚಪ್ಪಟೆಯಾಗಿ ಅರ್ಧ ಗಂಟೆಯೂ ಮಲಗಲಾಗದವರಿಗೆ ಬೆನ್ನಿನ ಇಂಜೆಕ್ಷನ್ ಕೊಟ್ಟು, ಶಸ್ತ್ರಚಿಕಿತ್ಸೆಯ ನಡುವೆ ಉಸಿರುಗಟ್ಟಿದಾಗ ದಾರಿ ಬದಲಿಸುವುದು ಬಹಳ ಕಷ್ಟ.